ಇನ್ನೊಬ್ಬನ ಬೋಲ್ಟು

ಕೊಆಟಿಕುಕ್
ಅಕ್ಟೋಬರ್ 20, 2009, ಮಂಗಳವಾರ

ಪ್ರೀತಿಯ ನೋಎಲ್ಲಾ,

ನಿನ್ನ ಭಾವನಿಂದ ಇಷ್ಟು ದಪ್ಪ ಲಕೋಟೆ ಬಂದದ್ದು ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಮೊಣಕಾಲೊಂದು ಬಿಟ್ಟರೆ ನಾನು ಚೆನ್ನಾಗಿಯೇ ಇದ್ದೇನೆ. ಇಷ್ಟು ವರ್ಷದಲ್ಲಿ ನಿನಗೆ ನಾನು ಬರೆದದ್ದೆಂದರೆ ಕ್ರಿಸ್‌ಮಸ್ ಕಾರ್ಡಿನಲ್ಲಿ ನಿನ್ನ ಅಕ್ಕ ಸೊಲಾಂಜ್ ಬರೆದದ್ದರ ಕೆಳಗೆ ನನ್ನ ಹೆಸರು, ಅಷ್ಟೆ. ಫೋನಿನಲ್ಲಿ ಕೇಳಬಹುದಿತ್ತು. ಎರಡು ಸಲ ನಂಬರು ಒತ್ತಿದೆ, ನೀನು ಹಲೋ ಅಂದ ಕೂಡಲೇ ಇಟ್ಟುಬಿಟ್ಟೆ. ಮೊನ್ನೆ ಸಂಜೆಯ ಆ ಮೂಕ ಫೋನು ನನ್ನದೇ, ಕ್ಷಮಿಸು.

ಕೇಳಬೇಕಾದ್ದು ಒಂದೇ ಪ್ರಶ್ನೆ. ನಿನ್ನ ಅಕ್ಕನಿಗೂ ಫಾಬಿಯೆನ್ ಲಶಾನ್ಸ್‌ಗೂ ನಡುವೆ ಏನಾದರೂ ಇತ್ತೆ?

ನೋಡು, ಬರೆದೇಬಿಟ್ಟೆ. ಬಾಯಲ್ಲಾಗಿದ್ದರೆ ಈ ವಾಕ್ಯ ಹೊರಗೆ ಬರುತ್ತಿರಲಿಲ್ಲ.

ಫಾಬಿಯೆನ್ ನಿನಗೆ ಗೊತ್ತು. ಸೊಲಾಂಜಳ ಮಣ್ಣಿನ ದಿನ ಎರಡನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಅತ್ತ ಉದ್ದನೆಯ ಆಸಾಮಿ. ಶಾಲೆಯ ಬಸ್ಸು ಓಡಿಸುತ್ತಿದ್ದವನು, ಮದುವೆಯಾಗದವನು. ನಾನು ಅಳಲಿಲ್ಲ, ಅವನು ಅತ್ತ. ಆಗ ಅದು ನನಗೆ ಗೆಳೆತನದ ಹಾಗೆ ಕಂಡಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಭಾನುವಾರದ ಬಲಿಪೂಜೆ ಮುಗಿಸಿ ಅವನೂ ನಾನೂ ಕ್ಲಬ್ಬಿನ ಮೈದಾನದಲ್ಲಿ ಪಕ್ಕಪಕ್ಕದ ಚಾಪೆಗಳ ಮೇಲೆ ಬೋರಲು ಮಲಗಿ ಗುಂಡು ಹೊಡೆದಿದ್ದೇವೆ. ಇಪ್ಪತ್ತೈದು ಗಜದ ಆಚೆ ಕಾಗದದ ಕರಿ ಚುಕ್ಕೆ, ಅದರ ಮುಂದೆ ಇಬ್ಬರು ಮುದುಕರು. ನಿನಗೆ ಇದೆಲ್ಲ ಮಕ್ಕಳಾಟ. ನಮ್ಮ ಕ್ಲಬ್ಬಿನಲ್ಲಿ ಜಿಂಕೆ ಹೊಡೆಯುವವರೂ ಹಾಗೇ ನಗುತ್ತಾರೆ.

ನಗಲಿ. ನಾನು ಕೂಡಿಸಿರುವುದು ತರಬೇತಿ ರೈಫಲ್‌ಗಳನ್ನು ಮಾತ್ರ. ಸೈನ್ಯದ ನಿಜವಾದ ರೈಫಲ್ಲಿನದೇ ತೂಕ, ಅದೇ ಉದ್ದ, ಅದೇ ಮರದ ಹಿಡಿ. ಆದರೆ ಒಳಗೆ ಹೋಗುವುದು ಕಿರುಬೆರಳ ತುದಿಯಷ್ಟು ಗುಂಡು. ಯುದ್ಧಕ್ಕೆ ಹೋಗುವ ಹುಡುಗರಿಗೆ ಪಾಠ ಹೇಳಿಕೊಟ್ಟು, ತಾವು ಮಾತ್ರ ಊರಲ್ಲೇ ಉಳಿದ ಕೋವಿಗಳು. ನನ್ನ ಹತ್ತಿರ ಏಳಿವೆ. ಕ್ವಿಬೆಕ್ ನಗರದಲ್ಲೇ ತಯಾರಾದ, ನನ್ನಪ್ಪನಿಗಿಂತ ಹಳೆಯದಾದ ಒಂದು ರಾಸ್ ಇದೆ. ಅದನ್ನು ಒಬ್ಬ ಪಾದ್ರಿಯ ಅಟ್ಟದಿಂದ ಕೊಂಡೆ, ಅದರ ಕಥೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ. ಎಲ್ಲಕ್ಕಿಂತ ಹೆಚ್ಚಿನದು ಲಾಂಗ್ ಬ್ರಾಂಚ್ ಕಾರ್ಖಾನೆಯದು, ನಾವು ಅದನ್ನು ಬರೀ ಲಾಂಗ್ ಬ್ರಾಂಚ್ ಅನ್ನುತ್ತೇವೆ.

ಅದನ್ನು ಕೊಂಡದ್ದು ಎಂಬತ್ತಮೂರರಲ್ಲಿ, ಶೆರ್‌ಬ್ರೂಕಿನ ಹಳೆಯ ಕವಾಯತು ಭವನ ಖಾಲಿ ಮಾಡಿದಾಗ. ಒಂದು ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಹುಲ್ಲು, ಹುಲ್ಲಿನಡಿ ಗ್ರೀಸಿನಲ್ಲಿ ಮುಳುಗಿದ ಎರಡು ರೈಫಲ್. ಫಾಬಿಯೆನ್ ಕೈ ನನ್ನ ಕೈಗಿಂತ ಮೊದಲು ಒಳಗೆ ಹೋಗಿತ್ತು. "ಲೇ, ಒಂದು ನಿಂಗೆ ಒಂದು ನಂಗೆ. ಜಗಳ ಆಡಿದ್ರೆ ಎರಡೂ ಆ ಇಂಗ್ಲಿಷಿನವನ ಪಾಲಾಗ್ತವೆ, ನೋಡಲ್ಲಿ, ನಾಲಿಗೆ ಚಾಚ್ಕೊಂಡ್ ನಿಂತಿದ್ದಾನೆ" ಅಂದ. ನನ್ನ ಪಾಲಿಗೆ 2217, ಅವನ ಪಾಲಿಗೆ 2630. ಮನೆಗೆ ತಂದು ಮೂರು ದಿನ ಗ್ರೀಸು ಒರೆಸಿದೆ. ನಿನ್ನ ಅಕ್ಕನ ಒಳ್ಳೆಯ ಟವೆಲ್‌ಗಳೆಲ್ಲ ಹಾಳಾದವು. ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ತಾನೇ ಬಂದು ಆ ವಾಲ್‌ನಟ್ ಮರದ ಮೇಲೆ ಕೈಯಾಡಿಸಿ ಚೆನ್ನಾಗಿದೆ ಅಂದಳು.

ನಂಬರು ಯಾಕೆ ಹೇಳಿದೆನೆಂದರೆ, ನಮ್ಮಲ್ಲಿ ಎಲ್ಲ ಇರುವುದು ನಂಬರಿನಲ್ಲೇ. ರೈಫಲ್ಲಿನ ಮೈಮೇಲೆ ಒಂದು ನಂಬರು, ಬೋಲ್ಟಿನ ಹಿಡಿಯ ಹಿಂದೆಯೂ ಅದೇ ನಂಬರು. ಬೋಲ್ಟು ಅಂದರೆ ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು. ಗುಂಡನ್ನು ಒಳಗೆ ತಳ್ಳಿ ಮುಚ್ಚುವುದು ಅದೇ, ಹೊಡೆಯುವುದೂ ಅದೇ. ಅದನ್ನು ಎಳೆದು ತೆಗೆದರೆ ರೈಫಲ್ ಬರೀ ಭಾರದ ಕೋಲು. ಎರಡು ನಂಬರೂ ಒಂದೇ ಆಗಿದ್ದರೆ ಕಾರ್ಖಾನೆಯಿಂದ ಜೊತೆಯಾಗಿ ಹೊರಟವು ಜೊತೆಯಾಗಿಯೇ ಉಳಿದಿವೆ ಎಂದರ್ಥ. ಬೇರೆಯಾಗಿದ್ದರೆ ಎಲ್ಲೋ ಯಾರೋ ಕೈ ಹಾಕಿದ್ದಾರೆ ಎಂದರ್ಥ.

ಕೋವಿಯೂ ಬೋಲ್ಟೂ ಒಂದೇ ಕಡೆ ಇರಬಾರದು ಅಂತ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕಟ್ಟು. "ಕೋವಿ ನಿಂದು, ಬೋಲ್ಟು ನಂದು" ಅಂತ ಸೊಲಾಂಜ್ ಮದುವೆಯಾದ ಹೊಸತರಲ್ಲೇ ಹೇಳಿದ್ದಳು. ಕೋವಿಗಳು ಹಜಾರದ ಬೀರುವಿನಲ್ಲಿ, ಏಳು ಬೋಲ್ಟುಗಳು ಅವಳ ಹೊಲಿಗೆ ಯಂತ್ರದ ಕೆಳಗಿನ ಖಾನೆಯಲ್ಲಿ, ಗುಂಡಿಗಳ ತಗಡಿನ ಡಬ್ಬಿಯೊಳಗೆ. ಭಾನುವಾರ ಬೆಳಿಗ್ಗೆ ಬುತ್ತಿ ಕೊಟ್ಟ ಹಾಗೆ ಅವತ್ತಿಗೆ ಬೇಕಾದ ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಡುತ್ತಿದ್ದಳು. ಆ ಡಬ್ಬಿಯ ವಿಷಯ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ ಮಾತ್ರ. ಅವು ಅಲ್ಲಿಂದ ಎಂದೂ ಕದಲಿದವಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಕ್ಲಬ್ಬಿನವರು ಒಂದು ಪ್ರದರ್ಶನ ಇಟ್ಟರು, ಮೇಜಿನ ಮೇಲೆ ಹಳೆಯ ತರಬೇತಿ ರೈಫಲ್‌ಗಳು, ಪಕ್ಕದಲ್ಲಿ ಅವುಗಳ ಯಜಮಾನರು. ಒಟ್ಟಾವದಿಂದ ಬಂದ ಒಬ್ಬ ಸಂಗ್ರಾಹಕ ನನ್ನ ಲಾಂಗ್ ಬ್ರಾಂಚಿನ ಮುಂದೆ ಬಗ್ಗಿ ನಿಂತ. ಜೇಬಿನಿಂದ ಭೂತಗನ್ನಡಿ ತೆಗೆದ. ತುಂಬ ಹೊತ್ತು ನೋಡಿ, "ಯಜಮಾನ್ರೇ, ಬೋಲ್ಟು ಇದರದ್ದಲ್ವಲ್ಲ" ಅಂದ. ನಾನು ನಕ್ಕೆ. ಅವನು ಗಾಜನ್ನು ನನ್ನ ಕೈಗೆ ಕೊಟ್ಟ. ಬೋಲ್ಟಿನ ಮೇಲೆ ಇದ್ದದ್ದು 2630.

ಎಲ್ಲರ ಮುಂದೆ ಯಾರೋ ನನ್ನ ಮದುವೆಯ ಫೋಟೋ ತೋರಿಸಿ, ಪಕ್ಕದಲ್ಲಿರುವ ಹೆಂಗಸು ಯಾರು ಅಂತ ಕೇಳಿದ ಹಾಗಾಯಿತು.

ತೊಂಬತ್ತೊಂಬತ್ತರಲ್ಲಿ ನಾನೇ ಎರಡೂ ನಂಬರನ್ನು ಓದಿ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಎರಡೂ 2217. ಅಲ್ಲಿಂದ ಈಚೆಗೆ ಬದಲಾಗಿದೆ. ಯಾವಾಗ ಎನ್ನುವುದಕ್ಕೂ ನನ್ನ ಹತ್ತಿರ ಸಾಕ್ಷಿ ಇದೆ. ಗುಂಡು ಬಿದ್ದ ಕಾಗದಗಳನ್ನು ನಾನು ಎಸೆಯುವವನಲ್ಲ. ತೆಗೆದು ನೋಡಿದರೆ, ಎರಡು ಸಾವಿರದ ಒಂದರ ವಸಂತದಿಂದ ನನ್ನ ಗುಂಡುಗಳು ಒಂದು ಬೆರಳಷ್ಟು ಎಡಕ್ಕೆ ಬಿದ್ದಿವೆ. ಆಗ ಕಣ್ಣನ್ನು ಬೈದೆ, ಕನ್ನಡಕ ಬದಲಾಯಿಸಿದೆ, ಗುಂಡಿನ ಡಬ್ಬಿ ಬದಲಾಯಿಸಿದೆ. ಬೋಲ್ಟನ್ನು ತಿರುಗಿಸಿ ನೋಡುವ ಬುದ್ಧಿ ಬರಲಿಲ್ಲ. ದಿನಾ ನೋಡುವುದನ್ನು ಯಾರು ನೋಡುತ್ತಾರೆ?

ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಮಿಸೆಸ್ ವಿಟ್ಕಂಬ್ ಎಂಬ ಇಂಗ್ಲಿಷ್ ಹೆಂಗಸು ಹೇಳುವುದು, ಮೈದಾನದಲ್ಲೇ ಅದಲುಬದಲಾಗಿರಬೇಕು ಅಂತ. ಸಿಳ್ಳೆ ಊದಿದ ಕೂಡಲೇ ಎಲ್ಲರೂ ಬೋಲ್ಟು ಕಳಚಿ ಚಾಪೆಯ ಮೇಲಿಟ್ಟು ಗುರಿಯ ಕಾಗದ ನೋಡಲು ನಡೆಯುತ್ತಾರೆ, ಅದು ನಿಯಮ. "ನೀವಿಬ್ರೂ ಮುದುಕರು ಮಾತಾಡ್ತಾ ಮಾತಾಡ್ತಾ ಒಬ್ರದ್ದು ಒಬ್ರು ಹಾಕ್ಕೊಂಡಿರ್ತೀರಿ ಬಿಡಿ" ಅಂದಳು. ಸಾಧ್ಯವೇ ಇಲ್ಲ. ನಾನು ನನ್ನ ಬೋಲ್ಟನ್ನು ಚಾಪೆಯ ಮೇಲೆ ಇಡುವುದಿಲ್ಲ, ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಇದು ಇಡೀ ಕ್ಲಬ್ಬಿಗೆ ಗೊತ್ತು. ಇದಕ್ಕೇ ನನ್ನನ್ನು ಕಾಂಗರೂ ಅಂತ ಕರೆಯುತ್ತಾರೆ.

ಹಾಗಾದರೆ ಉಳಿದದ್ದು ಮನೆ. ಮನೆಯಲ್ಲಿ ಡಬ್ಬಿ. ಡಬ್ಬಿ ಗೊತ್ತಿದ್ದವಳು ಒಬ್ಬಳು.

ಆ ಮೇಲೆ ನಾನು ಕಂಡುಕೊಂಡದ್ದನ್ನೆಲ್ಲ ಹೇಳುತ್ತೇನೆ, ನೀನೇ ತೂಗಿ ನೋಡು. ಮೂರು ಸಲ ಫಾಬಿಯೆನ್‌ಗೆ ನಿನ್ನ ಲಾಂಗ್ ಬ್ರಾಂಚ್ ತೋರಿಸು ಅಂದೆ. ಒಂದು ಸಲ "ಎಣ್ಣೆ ಹಚ್ಚಿ ಸುತ್ತಿಟ್ಟಿದ್ದೀನಿ" ಅಂದ. ಇನ್ನೊಂದು ಸಲ "ಬೀರು ಕೀಲಿ ಎಲ್ಲೋ ಇಟ್ಟಿದ್ದೀನಿ ಮಾರಾಯ" ಅಂದ. ಮೂರನೇ ಸಲ ಕೇಳಿಸದವನ ಹಾಗೆ ಕಾಫಿ ಸುರಿದ. ಪ್ರದರ್ಶನಕ್ಕೂ ಅವನು ಅದನ್ನು ತಂದಿರಲಿಲ್ಲ, ಒಂದು ಸಾಮಾನ್ಯ ಕೂಯಿ ರೈಫಲ್ ತಂದಿದ್ದ. ಎಂಟು ವರ್ಷದಿಂದ ನನ್ನ ಕಣ್ಣೆದುರು ಅವನು ಲಾಂಗ್ ಬ್ರಾಂಚಿನಲ್ಲಿ ಹೊಡೆದದ್ದೇ ನೆನಪಿಲ್ಲ.

ಇನ್ನೊಂದು. ಎರಡು ಸಾವಿರದ ಚಳಿಗಾಲದಲ್ಲಿ, ನಾನು ಕೆಲಸಕ್ಕಿದ್ದ ಬಟ್ಟೆ ಗಿರಣಿ ಮುಚ್ಚಿದ ವರ್ಷ, ಸೊಲಾಂಜ್ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗುತ್ತಿದ್ದಳು. ಕಳೆದ ವಾರ ಅವಳ ಅಡುಗೆ ಚೀಟಿಗಳನ್ನು ವಿಂಗಡಿಸುವಾಗ ಆ ಡಿಸೆಂಬರಿನ ಚರ್ಚಿನ ವಾರಪತ್ರ ಸಿಕ್ಕಿತು. ಹಿಂಬದಿಯಲ್ಲಿ ಅವಳ ಕೈಬರಹದಲ್ಲಿ ಹಂದಿಮಾಂಸದ ಪೈ ಮಾಡುವ ಕ್ರಮ. ಮುಂಬದಿಯಲ್ಲಿ ಒಂದು ಪ್ರಕಟಣೆ: ಆರ್ಗನ್ ನುಡಿಸುವವರಿಗೆ ಶಸ್ತ್ರಚಿಕಿತ್ಸೆ ಆಗಿರುವುದರಿಂದ ಈಸ್ಟರ್‌ವರೆಗೆ ಹಾಡಿನ ಅಭ್ಯಾಸ ಇರುವುದಿಲ್ಲ. ಇರುವುದಿಲ್ಲ, ನೋಎಲ್ಲಾ. ಅವಳು ಮಾತ್ರ ಪ್ರತಿ ಗುರುವಾರ ತಲೆ ಬಾಚಿಕೊಂಡು, ನೀಲಿ ಸ್ಕಾರ್ಫು ಕಟ್ಟಿಕೊಂಡು ಹೋಗಿದ್ದಾಳೆ. ಬಂದಾಗ ಕಣ್ಣು ಕೆಂಪಗಿರುತ್ತಿತ್ತು. ಚಳಿಗಾಳಿ ಅನ್ನುತ್ತಿದ್ದಳು.

ಅದೇ ಚಳಿಗಾಲದಲ್ಲಿ ಫಾಬಿಯೆನ್ ವಾರದಲ್ಲಿ ಮೂರು ದಿನ ನಮ್ಮ ಮನೆ ಬಾಗಿಲಲ್ಲಿ. "ಈ ಕಡೆ ಬಂದಿದ್ದೆ, ಹಂಗೇ ಬಂದೆ." ಬಸ್ಸಿನ ದಾರಿ ನಮ್ಮ ಬೀದಿಯಲ್ಲೇ ಇಲ್ಲ! ಬರುವುದು, ಕೂರುವುದು, ನನ್ನ ಮುಖ ನೋಡುವುದು, ಸೊಲಾಂಜಳ ಮುಖ ನೋಡುವುದು, ಹೋಗುವುದು. ನಾನಾಗ ಸ್ವಲ್ಪ ಸುಸ್ತಾಗಿದ್ದೆ, ಡಾಕ್ಟರು ಮಾತ್ರೆ ಕೊಟ್ಟಿದ್ದರು, ಮೂವತ್ತೊಂದು ವರ್ಷ ಮಗ್ಗಗಳ ಸದ್ದಿನಲ್ಲಿದ್ದವನಿಗೆ ಮನೆಯ ನಿಶ್ಶಬ್ದ ಒಗ್ಗಿರಲಿಲ್ಲ, ಅಷ್ಟೆ. ಕಣ್ಣು ಮಂಜಾಗಿತ್ತು. ಈಗ ಎಲ್ಲ ಸ್ಪಷ್ಟವಾಗಿ ಕಾಣುತ್ತಿದೆ.

ನವೆಂಬರ್ ಒಂದು, ಭಾನುವಾರ, ಕ್ಲಬ್ಬಿನ ವಾರ್ಷಿಕ ಸಭೆ. ಅಲ್ಲಿ ದೂರು ಕೊಟ್ಟರೆ ಫಾಬಿಯೆನ್ ಹೊರಗೆ. ಇನ್ನೊಬ್ಬರ ಬೋಲ್ಟು ಕದ್ದವನನ್ನು ಈ ಪ್ರಾಂತ್ಯದ ಯಾವ ಕ್ಲಬ್ಬೂ ಒಳಗೆ ಬಿಡುವುದಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಕ್ಲಬ್ಬು ಬಿಟ್ಟರೆ ಇರುವುದು ಒಂದು ಬೆಕ್ಕು. ದೂರು ಇಂಗ್ಲಿಷಿನಲ್ಲಿರಬೇಕು, ಮಿಸೆಸ್ ವಿಟ್ಕಂಬಳಿಗೆ ನಮ್ಮ ಫ್ರೆಂಚು ಓದಲು ಬರುವುದಿಲ್ಲ. ಗುರುಮಠದ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷನ್ನು ಕೆರೆದು ಕೆರೆದು ತೆಗೆಯುತ್ತಿದ್ದೇನೆ. "ರೆಸ್ಪೆಕ್ಟೆಡ್ ಮೇಡಂ, ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟಿಸ್" ಎನ್ನುವಲ್ಲಿಯವರೆಗೆ ಪಾದ್ರಿಗಳು ಹೊಡೆದು ಕಲಿಸಿದ್ದು ಹಾಗೇ ಬಂತು. ಕದ್ದದ್ದನ್ನು ಬರೆಯುವಲ್ಲಿ ನಿಂತಿದ್ದೇನೆ. ಸ್ಟೀಲ್, ಸ್ಟೋಲ್, ಸ್ಟೋಲನ್ ಮೂರೂ ಸಾಲಾಗಿ ಬಂದು ನಿಲ್ಲುತ್ತವೆ, ಯಾವುದು ಒಳಗೆ ಹೋಗಬೇಕೋ ಗೊತ್ತಾಗುವುದಿಲ್ಲ.

ನೀನು ಅವಳ ತಂಗಿ. ನನಗೆ ಹೇಳದ್ದನ್ನು ನಿನಗೆ ಹೇಳಿರುತ್ತಾಳೆ. ಸಭೆಗೆ ಮೊದಲು ಫೋನು ಮಾಡಿ ಹೌದು ಅಥವಾ ಇಲ್ಲ ಅಂತ ಒಂದು ಮಾತು ಹೇಳು. ಹೌದು ಎಂದಾದರೆ ಅವನ ಹೆಸರನ್ನು ಆ ಕಾಗದದಲ್ಲಿ ಬರೆದು ಒಪ್ಪಿಸಿ ಬರುತ್ತೇನೆ. ಆಮೇಲೆ ನಿನ್ನ ಅಕ್ಕನ ಫೋಟೋವನ್ನು ಗೋಡೆಯ ಮೇಲೆ ಇಟ್ಟುಕೊಳ್ಳುವುದೋ ಬಿಡುವುದೋ ಯೋಚಿಸುತ್ತೇನೆ.

ಸ್ಟಾಂಪು ಮುಗಿದಿದೆ. ನಾಳೆ ತಂದು ಹಾಕುತ್ತೇನೆ.

*

ಶನಿವಾರ, 24

ನೋಎಲ್ಲಾ,

ಸ್ಟಾಂಪು ತಂದೆ, ಹಾಕಲಿಲ್ಲ. ಮೇಲಿನ ಹಾಳೆಗಳನ್ನು ಹರಿಯಬೇಕು ಅಂತ ಒಲೆಯ ಹತ್ತಿರ ನಿಂತೆ. ಹರಿಯಲಿಲ್ಲ. ನಿನ್ನ ಭಾವ ಏನೇನು ಯೋಚಿಸಬಲ್ಲ ಎನ್ನುವುದು ನಿನಗೂ ಗೊತ್ತಿರಲಿ.

ನಿನ್ನೆ ಮಧ್ಯಾಹ್ನ ಬೋಲ್ಟನ್ನು ಒಂದು ಜೇಬಿನಲ್ಲಿ, ಇಂಗ್ಲಿಷ್ ದೂರನ್ನು ಇನ್ನೊಂದು ಜೇಬಿನಲ್ಲಿ ಇಟ್ಟುಕೊಂಡು ಫಾಬಿಯೆನ್ ಮನೆಗೆ ಹೋದೆ. ನಿನ್ನ ಉತ್ತರ ಬರುವ ತನಕ ಕಾಯುವ ತಾಳ್ಮೆ ಇರಲಿಲ್ಲ. ಕಳಿಸದ ಪತ್ರಕ್ಕೆ ಉತ್ತರ ಬರುವುದಾದರೂ ಹೇಗೆ. ಅವನು ಬಟಾಣಿ ಸೂಪು ಕಲಕುತ್ತಿದ್ದ.

"ಏನೋ, ಮುಖ ಹಳಸಿದ ಸೂಪಿನ ಥರ ಮಾಡ್ಕೊಂಡ್ ಬಂದಿದ್ದೀಯ? ಬಾಗ್ಲು ಹಾಕ್ಕೋ, ನನ್ ಸೌದೆ ಶಾಖ ಇಡೀ ಊರಿಗಲ್ಲ" ಅಂದ.

ನಾನು ಕೂರಲಿಲ್ಲ. ಬೋಲ್ಟನ್ನು ಮೇಜಿನ ಮೇಲೆ ಇಟ್ಟು, ಇದು ಯಾರದ್ದು ಅಂದೆ.

ಅವನು ಅದನ್ನು ಮುಟ್ಟಲಿಲ್ಲ. ನಂಬರನ್ನೂ ಓದಲಿಲ್ಲ. ಸೌಟು ಕೆಳಗಿಟ್ಟು, "ಯಾವಾಗ್ ಗೊತ್ತಾಯ್ತು?" ಅಂದ.

"ಐದು ವಾರ ಆಯ್ತು."

"ಎಂಟು ವರ್ಷ ಬೇಕಾಯ್ತಲ್ಲೋ ನಿಂಗೆ! ಆ ಕನ್ನಡಕ ಏನು, ಅಲಂಕಾರಕ್ಕಾ?"

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗುರುವಾರ ಗುರುವಾರ ಸೊಲಾಂಜ್ ಇಲ್ಲಿಗೆ ಬರುತ್ತಿದ್ದಳೇ ಅಂತ ಕೇಳಿದೆ.

"ಬರ್ತಿದ್ಳು."

ಅಷ್ಟು ಸಲೀಸಾಗಿ ಹೇಳಿದ. ಇಷ್ಟು ದಿನ ಅದನ್ನೇ ಹಿಡಿದುಕೊಂಡು ಓಡಾಡಿದವನು ನಾನು, ಅದು ಕೈಗೆ ಸಿಕ್ಕಾಗ ಕುರ್ಚಿ ಎಳೆದು ಕೂತೆ. ಯಾಕೆ ಬರುತ್ತಿದ್ದಳು ಅಂದೆ.

"ಅದನ್ನ ನಾನ್ ಹೇಳಲ್ಲ. ಅವಳಿಗೆ ಮಾತು ಕೊಟ್ಟಿದ್ದೀನಿ."

"ಅವಳು ಸತ್ತು ಒಂದೂವರೆ ವರ್ಷ ಆಯ್ತು."

"ಅದಕ್ಕೇ ಮತ್ತೆ. ಇನ್ಯಾರನ್ನ ಕೇಳಿ ಬಿಡ್ಲಿ ಆ ಮಾತನ್ನ?"

ನಾನು ದೂರಿನ ಕಾಗದ ತೆಗೆದು ಓದಿದೆ. ನನ್ನ ಇಂಗ್ಲಿಷಿನಲ್ಲಿ, ಎದ್ದು ನಿಂತು, ತರಗತಿಯಲ್ಲಿ ಒಪ್ಪಿಸುವವನ ಹಾಗೆ. "ಕೈಂಡ್ ನೋಟಿಸ್" ಎನ್ನುವಲ್ಲಿ ಅವನ ತುಟಿ ಸ್ವಲ್ಪ ಅಲುಗಿತು. ಆಮೇಲೆ ಅಲುಗಲಿಲ್ಲ. ಕೇಳಿ ಮುಗಿಸಿ ಹೇಳಿದ: "ಕೊಟ್ಕೋ. ಕಳ್ಳ ಅನ್ನು, ಕ್ಲಬ್ಬಿಂದ ತೆಗೆಸ್ಕೋ. ಅವಳ ಹೆಸರು ಮಾತ್ರ ಅದ್ರೊಳಗೆ ತಂದ್ಯೋ, ಈ ಸೌಟಲ್ಲೇ ಬಾರಿಸ್ತೀನಿ ಅದೆಲಾರ್, ನಿನ್ ಮೊಣಕಾಲು ಅಂತಾನೂ ನೋಡಲ್ಲ."

ಆಗ ನಾನೊಂದು ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಅಕ್ಕನ ಬಗ್ಗೆ, ಗಂಡ ಆಡಬಾರದ ಮಾತು.

ಫಾಬಿಯೆನ್ ಹೊಡೆಯಲಿಲ್ಲ. ಪಾತ್ರೆಯನ್ನು ಒಲೆಯಿಂದ ಇಳಿಸಿದ. ಬಂದು ನನ್ನೆದುರು ಕೂತ. ಮೇಜಿನ ಹೊದಿಕೆಯ ಗೆರೆಗಳ ಮೇಲೆ ಉಗುರು ಎಳೆದ.

"ಆ ಚಳಿಗಾಲ ನೀನ್ ಹೇಗಿದ್ದೆ? ಹೇಳು."

"ಸುಸ್ತಾಗಿದ್ದೆ" ಅಂದೆ.

"ಹೂಂ. ನಮ್ ಲೂಸಿಯೆನ್ನೂ ಸುಸ್ತು ಅಂತಾನೇ ಹೇಳ್ತಿದ್ದ."

ಲೂಸಿಯೆನ್ ಅವನ ತಮ್ಮ. ಎಂಬತ್ತೇಳರಲ್ಲಿ ಬೇಟೆಗೆ ಹೋದಾಗ ಕಾಲು ಜಾರಿ ಗುಂಡು ಹಾರಿ ಸತ್ತ ಅಂತ ಊರಿಗೆಲ್ಲ ಗೊತ್ತು. ನಾನೇ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದೆ.

"ಜಾರಿದ್ದ ಅಂತ ಹೇಳ್ದೋನು ನಾನು" ಅಂದ ಫಾಬಿಯೆನ್. "ಅಮ್ಮ ಇನ್ನೂ ಬದುಕಿದ್ಳಲ್ಲ, ಅದಕ್ಕೆ. ಅವನು ಜಾರಿರ್ಲಿಲ್ಲ ಕಣೋ. ಊರಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ, ನಿನ್ ಹೆಂಡ್ತಿ ಒಬ್ಳು ನನ್ ಮುಖ ನೋಡೇ ತಿಳ್ಕೊಂಡಿದ್ಳು. ಹದಿಮೂರು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಗಿರಣಿ ಮುಚ್ಚಿದ ತಿಂಗ್ಳು ಬಂದು ಇದೇ ಬಾಗ್ಲಲ್ಲಿ ನಿಂತ್ಳು. ಏಪ್ರನ್ ಜೇಬಲ್ಲಿ ಏಳು ಬೋಲ್ಟು. 'ಇವನ್ನ ಇಟ್ಕೊ ಫಾಬಿಯೆನ್, ಲೂಸಿಯೆನ್ ಥರಾನೇ ಗೋಡೆ ನೋಡ್ತಾ ಕೂತಿರ್ತಾನೆ' ಅಂದ್ಳು. ಅಷ್ಟೇ ಹೇಳಿದ್ದು."

"ಮತ್ತೆ ಗುರುವಾರ?"

"ಅಳೋಕೆ ಒಂದು ಅಡುಗೆಮನೆ ಬೇಕಿತ್ತಲ್ಲೋ ಅವಳಿಗೆ. ನಿಮ್ಮನೇಲಿ ನೀನಿರ್ತಿದ್ದೆ."

ಅವನು ನಮ್ಮ ಮನೆಗೆ ಬರುತ್ತಿದ್ದದ್ದೂ ಅದಕ್ಕೇ. ಬಸ್ಸು ಶಾಲೆಯ ಹತ್ತಿರ ನಿಲ್ಲಿಸಿ, ಆ ಹಿಮದಲ್ಲಿ ಎರಡು ಫರ್ಲಾಂಗು ನಡೆದು ಬಂದು ನಾನು ಕುರ್ಚಿಯಲ್ಲಿ ಇದ್ದೇನೆಯೇ ಅಂತ ನೋಡಿಕೊಂಡು ಹೋಗುತ್ತಿದ್ದ. ನನಗೆ ಅವನು ಸೊಲಾಂಜಳ ಮುಖ ನೋಡಿದ್ದಷ್ಟೇ ನೆನಪಿತ್ತು.

ಬೋಲ್ಟು ಬದಲಾದದ್ದು ಹೇಗೆಂದರೆ, ಏಪ್ರಿಲ್ ಕೊನೆಯಲ್ಲಿ ನಾನು ಮತ್ತೆ ತೋಟದ ಕಡೆ ಹೋಗಲು ಶುರು ಮಾಡಿದ ಮೇಲೆ ಸೊಲಾಂಜ್ ಅವನ್ನು ವಾಪಸು ಕೇಳಿದ್ದಾಳೆ. ಐದು ತಿಂಗಳು ತನ್ನ ಹತ್ತಿರ ಇದ್ದ ಇನ್ನೊಬ್ಬನ ಬೋಲ್ಟುಗಳನ್ನು ಹಾಗೇ ಕೊಡುವುದು ಹೇಗೆ ಅಂತ ಈ ಮಹರಾಯ ನನ್ನವನ್ನೂ ತನ್ನವನ್ನೂ ಒಟ್ಟಿಗೆ ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹಚ್ಚಿ, ಈ ಮೇಜಿನ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದಾನೆ. ಎರಡು ಲಾಂಗ್ ಬ್ರಾಂಚ್ ಬೋಲ್ಟು, ಒಂದೇ ವರ್ಷದವು, ಒಂದೇ ಪೆಟ್ಟಿಗೆಯವು. ಬಟ್ಟೆಯಲ್ಲಿ ಸುತ್ತುವಾಗ ಅದಲುಬದಲಾಗಿವೆ. ಬೇರೆ ಯಾರಾದರೂ ಆಗಿದ್ದರೆ ಕೊಟ್ಟ ಹಾಗೇ ತುಕ್ಕು ಸಮೇತ ತಿರುಗಿ ಕೊಡುತ್ತಿದ್ದರು, ಈ ತಪ್ಪೇ ಆಗುತ್ತಿರಲಿಲ್ಲ.

"ಶರತ್ಕಾಲದಲ್ಲಿ ಗೊತ್ತಾಯ್ತು ನಂಗೆ" ಅಂದ. "ಹೇಳೋದ್ ಹೇಗೆ? ಹೇಳಿದ್ರೆ, ಹೇಗ್ ಬಂತು ನಿನ್ ಹತ್ರ ಅಂತ ಕೇಳ್ತಿದ್ದೆ. ಅದಕ್ಕೇ ಆ ರೈಫಲ್ಲನ್ನೇ ಮುಟ್ಟಲಿಲ್ಲ. ನೀನು ಎಡಕ್ಕೆ ಹೊಡೀತಾ ಕಣ್ಣಿನ ಡಾಕ್ಟ್ರನ್ನ ಬಯ್ಯೋವಾಗೆಲ್ಲ ನಾನು ಎದ್ದು ಕಾಫಿ ತರೋಕೆ ಹೋಗ್ತಿದ್ದೆ."

ಆಮೇಲೆ ಇಬ್ಬರೂ ಸೂಪು ಕುಡಿದೆವು. ಆರಿತ್ತು.

ನೋಎಲ್ಲಾ, ಇಷ್ಟಕ್ಕೇ ನಿಲ್ಲಿಸಿದರೆ ನಾನು ಬರೀ ಪೆದ್ದನಾಗಿ ಉಳಿಯುತ್ತೇನೆ. ಅದು ನನಗೆ ಅನುಕೂಲ. ಆದರೆ ಮಂಗಳವಾರ ಬರೆದದ್ದರಲ್ಲಿ ಒಂದು ಸುಳ್ಳಿದೆ. ಬೋಲ್ಟುಗಳು ಆ ಡಬ್ಬಿಯಿಂದ ಎಂದೂ ಕದಲಲಿಲ್ಲ ಅಂತ ಬರೆದೆ. ಕದಲಿದ್ದವು, ನನಗೆ ಗೊತ್ತಿತ್ತು.

ಎರಡು ಸಾವಿರದ ಒಂದು, ಫೆಬ್ರವರಿ ಎರಡು. ಮೇಣದಬತ್ತಿಗಳ ಹಬ್ಬ. ನಿನ್ನ ಅಕ್ಕ ಎಂದಿನಂತೆ ದೋಸೆ ಹುಯ್ಯಲು ಹಿಟ್ಟು ಕಲಸಿಟ್ಟು, ಕಾಕಂಬಿ ಮುಗಿದಿದೆ ಅಂತ ಅಂಗಡಿಗೆ ಹೋದಳು. ನಾನು ಎದ್ದೆ. ಹೊಲಿಗೆ ಯಂತ್ರದ ಖಾನೆ ಎಳೆದೆ. ಯಾಕೆ ಅಂತ ನೀನು ಕೇಳಬೇಡ, ನಾನು ಹೇಳುವುದೂ ಬೇಡ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಗುಂಡಿಗಳು. ಬರೀ ಗುಂಡಿಗಳು. ಕೈ ಹಾಕಿ ತಳದವರೆಗೆ ಹುಡುಕಿದೆ. ಕೋಟಿನ ಗುಂಡಿ, ದಿಂಬಿನ ಗುಂಡಿ, ನಿನ್ನ ಮದುವೆಯ ಗೌನಿಗೆ ಹೊಲಿದು ಉಳಿದ ಮುತ್ತಿನಂಥವು. ಎಷ್ಟು ಹೊತ್ತು ಹಾಗೆ ನೆಲದ ಮೇಲೆ ಕೂತಿದ್ದೆನೋ. ಹಿಂದಿನ ಬಾಗಿಲು ಸದ್ದಾಯಿತು.

ಅವಳು ಬಂದು ನಿಂತಳು, ಕೈಯಲ್ಲಿ ಕಾಕಂಬಿ ಬಾಟಲಿ. ನನ್ನ ಮಡಿಲಲ್ಲಿ ಡಬ್ಬಿ. ಏನಾದರೂ ಹೇಳಬೇಕಲ್ಲ, ಅಂಗಿಯ ಗುಂಡಿ ಕಿತ್ತುಹೋಯಿತು ಅಂದೆ. ನನ್ನ ಅಂಗಿಯ ಗುಂಡಿಗಳೆಲ್ಲ ಇದ್ದವು. ಅವಳು ಬಾಟಲಿ ಕೆಳಗಿಡಲು ಆ ಕಡೆ ತಿರುಗಿದಾಗ ಒಂದನ್ನು ಜಗ್ಗಿ ಕಿತ್ತೆ. ಆ ಸದ್ದು ಅವಳಿಗೆ ಕೇಳಿಸಿರಬೇಕು. "ಕೊಡು, ಹೊಲಿದು ಕೊಡ್ತೀನಿ" ಅಂದಳು. ಅಂಗಿ ಬಿಚ್ಚಲು ಬಿಡಲಿಲ್ಲ. ನಾನು ಹಾಕಿಕೊಂಡಿರುವಾಗಲೇ, ನನ್ನೆದುರು ಮಂಡಿಯೂರಿ ಹೊಲಿದಳು. ದಾರ ಕಡಿಯಲು ಬಾಯಿ ಹತ್ತಿರ ತಂದವಳು ಹಾಗೇ ಹಣೆಯನ್ನು ನನ್ನ ಎದೆಗೆ ಒತ್ತಿ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಎದ್ದು ದೋಸೆ ಹುಯ್ದಳು. ನಾನು ಆರು ತಿಂದೆ.

ಎಲ್ಲಿಟ್ಟಿದ್ದೀಯ ಅಂತ ನಾನು ಕೇಳಲಿಲ್ಲ. ಯಾಕೆ ಹುಡುಕಿದೆ ಅಂತ ಅವಳು ಕೇಳಲಿಲ್ಲ. ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ಬೋಲ್ಟನ್ನು ಮೊದಲಿನಂತೆ ನನ್ನ ಕೈಗಿಟ್ಟಳು. ಕೊಟ್ಟ ಮೇಲೂ ಬಟ್ಟೆಯ ತುದಿ ಬಿಡಲಿಲ್ಲ. ನಾನು ನೋಡದವನ ಹಾಗೆ ತೆಗೆದುಕೊಂಡೆ. ಅವಳು ಸಾಯುವವರೆಗೆ, ಆಸ್ಪತ್ರೆಯ ಕೊನೆಯ ವಾರದಲ್ಲೂ, ನಾವು ಆ ದಿನದ ಮಾತು ಎತ್ತಲಿಲ್ಲ.

ಹಾಗಾಗಿ, ತಪ್ಪು ನಂಬರು ಕಂಡಾಗ ಏನು ನಡೆದಿರಬಹುದು ಅಂತ ಊಹಿಸಬಲ್ಲವನು ಲೋಕದಲ್ಲಿ ಒಬ್ಬನಿದ್ದರೆ ಅದು ನಾನೇ. ಊಹಿಸಲಿಲ್ಲ. ಆ ಫೆಬ್ರವರಿಯನ್ನು ನೆನೆಯುವುದಕ್ಕಿಂತ ನಿನ್ನ ಅಕ್ಕನ ಮೇಲೆ ಅನುಮಾನ ಪಡುವುದು ನನಗೆ ಸುಲಭವಾಯಿತು. ಐದು ವಾರ ನಾನು ಮಾಡಿದ್ದು ಅದನ್ನೇ.

ಫಾಬಿಯೆನ್‌ಗೆ ಇದನ್ನು ನಿನ್ನೆ ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವನು ಕೇಳಿಸಿಕೊಂಡು, "ಗೊತ್ತು. ಮಾರನೇ ಗುರುವಾರ ಬಂದು ಹೇಳಿದ್ಳು" ಅಂದ. ಆ ಮೇಲೆ ಒಳಗೆ ಹೋಗಿ ತನ್ನ ಲಾಂಗ್ ಬ್ರಾಂಚ್ ತಂದ. ಬೋಲ್ಟು ಕಳಚಿ ನನ್ನ ಮುಂದಿಟ್ಟ: 2217. ನಾನು ಅವನದನ್ನು ಅವನ ಕಡೆ ತಳ್ಳಿದೆ. "ಇನ್ಮೇಲೆ ಎಡಕ್ಕೆ ಬಿದ್ರೆ ನಿನ್ ಕಣ್ಣೇ ಕಾರಣ, ನನ್ನ ಬಯ್ದ್ರೆ ಕೇಳಲ್ಲ" ಅಂದ. ದೂರಿನ ಕಾಗದ ಅವನ ಒಲೆಗೆ ಹೋಯಿತು. ಇಂಗ್ಲಿಷ್ ಚೆನ್ನಾಗಿ ಉರಿಯುತ್ತೆ ಅಂದ.

ಇನ್ನು ನೀನು. ನನ್ನ ಪ್ರಶ್ನೆಗೆ ಉತ್ತರ ಬೇಡ. ನಿನಗೆ ಮೊದಲೇ ಎಲ್ಲ ಗೊತ್ತಿದ್ದರೆ ಗೊತ್ತಿತ್ತು ಅಂತ ಹೇಳಬೇಡ. ಗೊತ್ತಿರದಿದ್ದರೆ, ನಿನ್ನ ಅಕ್ಕ ಎಂಥವಳು ಅಂತ ಈಗ ಗೊತ್ತಾಯಿತಲ್ಲ. ಮೇಲೆ ನಾನು ಬರೆದದ್ದಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ. ಅವಳ ಕ್ಷಮೆ ಕೇಳಲು ನಾಳೆ ಬಲಿಪೂಜೆಯ ಮೇಲೆ ಸಮಾಧಿಯ ಹತ್ತಿರ ಹೋಗುತ್ತೇನೆ, ಫಾಬಿಯೆನ್ ಕಾರಿನಲ್ಲಿ.

ನಿಮ್ಮ ಸಡ್‌ಬರಿಯಲ್ಲಿ ಆಗಲೇ ಹಿಮ ಬಿದ್ದಿದೆಯಂತೆ, ರೇಡಿಯೊದಲ್ಲಿ ಹೇಳಿದರು. ಕಾಲು ಬೆಚ್ಚಗಿಟ್ಟುಕೋ.

ನಿನ್ನ ಭಾವ,
ಅದೆಲಾರ್ ಬೊಲ್ದುಕ್

ಮರೆತದ್ದು: ನಿನ್ನೆ ಫಾಬಿಯೆನ್ ಮನೆಯಿಂದ ಹೊರಡುವಾಗ ನನ್ನ ಬೋಲ್ಟನ್ನು ತರಲಿಲ್ಲ. ಇವತ್ತು ಬೆಳಿಗ್ಗೆ ಉಳಿದ ಆರನ್ನೂ ಒಯ್ದು ಅವನ ಕೈಗೆ ಕೊಟ್ಟು ಬಂದೆ. ಯಾಕೆ ಅಂತ ಕೇಳಲಿಲ್ಲ. ಯಾವಾಗ ವಾಪಸು ಬೇಕು ಅಂತ ಮಾತ್ರ ಕೇಳಿದ. ವಸಂತದಲ್ಲಿ ನದಿಯ ಮಂಜುಗಡ್ಡೆ ಒಡೆದ ಮೇಲೆ ನೋಡೋಣ ಅಂದೆ. ನೀನೂ ಆಗಾಗ ಫೋನು ಮಾಡು, ಈ ಸಲ ಇಡುವುದಿಲ್ಲ. ನಾನು ಎತ್ತದಿದ್ದರೆ ಅವನ ಮನೆಗೆ ಮಾಡು. ನಂಬರು ಲಕೋಟೆಯ ಹಿಂಬದಿಯಲ್ಲಿ ದೊಡ್ಡದಾಗಿ ಬರೆದಿದ್ದೇನೆ.